ಹೆದ್ದಾರಿ ವೇಗಮಿತಿ ಮತ್ತು ಇಂಧನ ಉಳಿತಾಯ

ಹೆದ್ದಾರಿಯಲ್ಲಿ ಓಡುವ ವಾಹನಗಳ ಗರಿಷ್ಠ ವೇಗವನ್ನು ಕಾನೂನಿನ ಮೂಲಕ ತಗ್ಗಿಸಿ ಪೆಟ್ರೋಲ್, ಡೀಸೆಲ್ ಬಳಕೆಯನ್ನು ಕಡಿಮೆ ಮಾಡುವ ಕ್ರಮ. ಯುದ್ಧ ಮತ್ತು ತೈಲದ ಅಭಾವದ ಕಾಲದಲ್ಲಿ ಹಲವು ದೇಶಗಳು ಇದಕ್ಕೆ ಕೈಹಾಕಿವೆ. ಅವುಗಳಲ್ಲಿ ದೀರ್ಘಕಾಲ ನಡೆದದ್ದೂ ಹೆಚ್ಚು ಜಗಳಕ್ಕೆ ಕಾರಣವಾದದ್ದೂ ಅಮೆರಿಕ ಸಂಯುಕ್ತ ಸಂಸ್ಥಾನದ ಗಂಟೆಗೆ 55 ಮೈಲಿಯ (ಸುಮಾರು 89 ಕಿ.ಮೀ.) ರಾಷ್ಟ್ರೀಯ ಮಿತಿ. 1974ರಿಂದ 1995ರವರೆಗೆ ಅದು ಜಾರಿಯಲ್ಲಿತ್ತು. ಇಂಧನ ಉಳಿಸಲೆಂದು ಹುಟ್ಟಿದ ಈ ಕಾನೂನು ಅಷ್ಟು ವರ್ಷ ಬಾಳಿದ್ದು ಮಾತ್ರ ಬೇರೆಯೇ ಕಾರಣದಿಂದ.

ವೇಗಕ್ಕೂ ಇಂಧನಕ್ಕೂ ಇರುವ ನಂಟಿನಲ್ಲಿ ಗಾಳಿಯದೇ ದೊಡ್ಡ ಪಾತ್ರ. ಟೈರು ರಸ್ತೆಯ ಮೇಲೆ ಉರುಳುವಾಗ ಎದುರಾಗುವ ತಡೆ ವೇಗ ಹೆಚ್ಚಿದರೂ ಅಷ್ಟಾಗಿ ಏರುವುದಿಲ್ಲ. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80 ಕಿ.ಮೀ. ವೇಗದ ಕಾರನ್ನು 100ಕ್ಕೆ ಒಯ್ದರೆ, ಪ್ರತಿ ಕಿಲೋಮೀಟರಿಗೆ ಗಾಳಿ ಸೀಳಲು ಬೇಕಾದ ಶಕ್ತಿ ಶೇ. 56ರಷ್ಟು ಹೆಚ್ಚುತ್ತದೆ. ಆ ಕೆಲಸಕ್ಕಾಗಿ ಎಂಜಿನ್ ಕೊಡಬೇಕಾದ ಅಶ್ವಶಕ್ತಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಾಗೆಂದು ನಿಧಾನವಾದಷ್ಟೂ ಲಾಭವೆಂದೇನಿಲ್ಲ. ತೀರಾ ಕಡಿಮೆ ವೇಗದಲ್ಲಿ, ಕೆಳಗಿನ ಗೇರಿನಲ್ಲಿ ತೆವಳುವ ಗಾಡಿಯ ಎಂಜಿನ್ ತನ್ನ ಒಳಗಿನ ಘರ್ಷಣೆಯನ್ನು ನೀಗಿಕೊಳ್ಳಲೇ ಸಾಕಷ್ಟು ಇಂಧನ ಸುಡುತ್ತದೆ. ಎಂಜಿನ್ ತಿಣುಕದೆ ಟಾಪ್ ಗೇರಿನಲ್ಲಿ ಓಡುವಂಥ ಮಧ್ಯಮ ವೇಗದಲ್ಲಿ ಮೈಲೇಜ್ ಹೆಚ್ಚು; ಅದನ್ನು ದಾಟಿದ ಮೇಲೆ ಇಳಿಜಾರೇ. ಟೆನ್ನೆಸ್ಸಿಯ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದವರು 74 ವಾಹನಗಳನ್ನು ಪರೀಕ್ಷಿಸಿ 2013ರಲ್ಲಿ ಕೊಟ್ಟ ಲೆಕ್ಕದಂತೆ, ವೇಗ 50 ಮೈಲಿಯಿಂದ 60ಕ್ಕೆ ಏರಿದರೆ ಮೈಲೇಜ್ ಸರಾಸರಿ ಶೇ. 12ರಷ್ಟು, 60ರಿಂದ 70ಕ್ಕೆ ಏರಿದರೆ ಮತ್ತೆ ಶೇ. 14ರಷ್ಟು, 70ರಿಂದ 80ಕ್ಕೆ ಏರಿದರೆ ಇನ್ನೂ ಶೇ. 15ರಷ್ಟು ಬೀಳುತ್ತದೆ. ಒಂದೊಂದು ಗಾಡಿಯ ಮಟ್ಟಿಗೆ ಈ ಪ್ರಶ್ನೆಯಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ಇಡೀ ದೇಶದ ಲೆಕ್ಕ ಹಾಕುವಾಗ.

ಮೊದಲ ದೊಡ್ಡ ಪ್ರಯೋಗ ನಡೆದದ್ದು 1942ರಲ್ಲಿ. ಅಮೆರಿಕದಾದ್ಯಂತ ಗಂಟೆಗೆ 35 ಮೈಲಿಯ ‘ವಿಜಯ ವೇಗ’ ಜಾರಿಗೆ ಬಂತು. ಅದರ ಮುಖ್ಯ ಗುರಿ ಪೆಟ್ರೋಲ್ ಅಲ್ಲ, ರಬ್ಬರ್. ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸ್ ಜಪಾನೀಯರ ಕೈಸೇರಿ ರಬ್ಬರ್ ಬರುವ ದಾರಿ ಕಡಿದುಹೋಗಿತ್ತು. ವೇಗ ಕಡಿಮೆಯಾದರೆ ಟೈರು ಸವೆಯುವುದೂ ಕಡಿಮೆ. ಯುದ್ಧ ಮುಗಿದೊಡನೆ ಆ ಮಿತಿಯೂ ಮುಗಿಯಿತು.

1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧ ಹೊತ್ತಿಕೊಂಡಾಗ, ಅರಬ್ ತೈಲ ರಾಷ್ಟ್ರಗಳು ಇಸ್ರೇಲಿಗೆ ನೆರವಾದ ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಪೀಪಾಯಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿಗೆ ಹತ್ತಿರವಾಯಿತು. ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ನವೆಂಬರಿನಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಕಾರುಗಳಿಗೆ 50, ಲಾರಿ-ಬಸ್ಸುಗಳಿಗೆ 55 ಮೈಲಿಯ ಮಿತಿ ಬೇಕೆಂದರು. ಭಾನುವಾರ ಬಂಕು ಮುಚ್ಚಿರೆಂದೂ ಕೇಳಿಕೊಂಡರು. ಲಾರಿಯವರು ಕೆರಳಿದರು. ಅವರಲ್ಲಿ ಬಹಳ ಮಂದಿಗೆ ಸಂಪಾದನೆ ಓಡಿಸಿದ ಮೈಲಿಯ ಲೆಕ್ಕದಲ್ಲಿ. ವೇಗ ಇಳಿದರೆ ದಿನದ ದುಡಿಮೆಯೂ ಇಳಿಯುತ್ತಿತ್ತು. ಡೀಸೆಲ್ ಬೆಲೆ ಮತ್ತು ವೇಗಮಿತಿ ಎರಡನ್ನೂ ವಿರೋಧಿಸಿ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯ ಮುಂತಾದೆಡೆ ಹೆದ್ದಾರಿಗೆ ಲಾರಿಗಳನ್ನು ಅಡ್ಡ ನಿಲ್ಲಿಸಿದರು. ಕೊನೆಗೆ ಎಲ್ಲ ವಾಹನಕ್ಕೂ 55 ಎಂದು ತೀರ್ಮಾನವಾಗಿ, 1974ರ ಜನವರಿ 2ರಂದು ನಿಕ್ಸನ್ ಸಹಿ ಹಾಕಿದರು. ಒಂದು ವರ್ಷಕ್ಕೆಂದು ಬಂದ ತಾತ್ಕಾಲಿಕ ಕಾನೂನನ್ನು 1975ರ ಜನವರಿಯಲ್ಲಿ ಕಾಯಂ ಮಾಡಲಾಯಿತು.

ಅಮೆರಿಕದಲ್ಲಿ ವೇಗಮಿತಿ ನಿಗದಿ ಮಾಡುವುದು ರಾಜ್ಯಗಳ ಅಧಿಕಾರ. ಒಕ್ಕೂಟ ಸರ್ಕಾರ ನೇರವಾಗಿ ಆಜ್ಞೆ ಮಾಡಲಿಲ್ಲ. 55 ಒಪ್ಪದ ರಾಜ್ಯಕ್ಕೆ ಹೆದ್ದಾರಿ ಅನುದಾನ ಸಿಗುವುದಿಲ್ಲ ಎಂದಿತು. ಎಲ್ಲರೂ ಒಪ್ಪಿದರು, ಪಶ್ಚಿಮದ ವಿಶಾಲ ಬಯಲಿನ ರಾಜ್ಯಗಳು ಹಲ್ಲು ಕಚ್ಚಿಕೊಂಡು. ಅದಕ್ಕೆ ಮೊದಲು ಮೊಂಟಾನದಲ್ಲಿ ಹಗಲು ಹೊತ್ತು ಅಂಕಿಯಲ್ಲಿ ಬರೆದ ಮಿತಿಯೇ ಇರಲಿಲ್ಲ. ಆ ರಾಜ್ಯ ಕಂಡುಕೊಂಡ ಉಪಾಯ ಸ್ವಾರಸ್ಯಕರವಾದುದು. ಮಿತಿ ಮೀರಿದವನಿಗೆ ಅಲ್ಲಿ ಅತಿವೇಗದ ಆರೋಪವಿಲ್ಲ, ‘ಅಭಾವವಿರುವ ಸಂಪನ್ಮೂಲವನ್ನು ಪೋಲು ಮಾಡಿದ’ ಆರೋಪ. ದಂಡ 5 ಡಾಲರ್. ಅಲ್ಲೇ ಪೊಲೀಸಿನ ಕೈಗೆ ಹಣ ಕೊಟ್ಟು ರಸೀದಿ ಪಡೆದು ಮುಂದಕ್ಕೆ ಹೋಗಬಹುದಿತ್ತು. ಲೈಸೆನ್ಸಿಗೆ ಕಪ್ಪುಚುಕ್ಕೆ ಬೀಳುತ್ತಿರಲಿಲ್ಲ. ಅನುದಾನವೂ ಕೈತಪ್ಪಲಿಲ್ಲ, ಮತದಾರರೂ ಮುನಿಯಲಿಲ್ಲ. ಕಾನೂನಿನ ಅಕ್ಷರ ಪಾಲಿಸಿ ಉದ್ದೇಶವನ್ನು ಗಾಳಿಗೆ ತೂರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬೇರೆ ಕಡೆಯ ಚಾಲಕರು ತಮ್ಮದೇ ದಾರಿ ಹುಡುಕಿಕೊಂಡರು. ಲಾರಿ ಚಾಲಕರು ಸಿ.ಬಿ. ರೇಡಿಯೊದಲ್ಲಿ ಪೊಲೀಸರು ಎಲ್ಲಿ ಹೊಂಚು ಹಾಕಿದ್ದಾರೆಂದು ಒಬ್ಬರಿಗೊಬ್ಬರು ತಿಳಿಸುತ್ತಿದ್ದರು. ಕಾರಿನವರೂ ಆ ರೇಡಿಯೊ ಕೊಂಡರು. ರೇಡಾರ್ ಪತ್ತೆ ಸಾಧನಗಳ ವ್ಯಾಪಾರ ಕುದುರಿತು. 1979ರಲ್ಲಿ ಸರ್ಕಾರ ಹೊಸ ಕಾರುಗಳ ಸ್ಪೀಡೋಮೀಟರ್ 85 ಮೈಲಿಗೆ ನಿಲ್ಲಬೇಕು, ಅದರಲ್ಲಿ 55 ಎದ್ದು ಕಾಣಬೇಕು ಎಂದು ನಿಯಮ ಮಾಡಿತು. ಮುಳ್ಳು ತೋರಿಸದಿದ್ದರೆ ವೇಗ ಹೆಚ್ಚುವುದಿಲ್ಲ ಎಂಬ ಈ ಮುಗ್ಧ ನಂಬಿಕೆ ರೊನಾಲ್ಡ್ ರೇಗನ್ ಆಡಳಿತ ಬಂದ ಸ್ವಲ್ಪದರಲ್ಲೇ ರದ್ದಾಯಿತು. 1980ರ ದಶಕದಲ್ಲಿ ಊರಾಚೆಯ ಅಂತರರಾಜ್ಯ ಹೆದ್ದಾರಿಗಳಲ್ಲಿ 55 ಮೀರುವವರೇ ಬಹುಸಂಖ್ಯಾತರು.

ಹಾಗಾದರೆ ಉಳಿದದ್ದೆಷ್ಟು? ದೇಶದ ಪೆಟ್ರೋಲ್ ಬಳಕೆಯಲ್ಲಿ ಶೇ. 2.2ರಷ್ಟು ಉಳಿಯಬಹುದೆಂದು ಮೊದಲ ಅಂದಾಜಿತ್ತು. ಸಾರಿಗೆ ಇಲಾಖೆ ಆಮೇಲೆ ಕಂಡುಕೊಂಡದ್ದು ಸುಮಾರು ಶೇ. 1, ಕೆಲವು ಸ್ವತಂತ್ರ ಅಧ್ಯಯನಗಳು ಅದನ್ನೂ ಅರ್ಧಕ್ಕೆ ಇಳಿಸಿದವು. ಗಾಡಿಯೊಂದಕ್ಕೆ ಶೇ. 10ಕ್ಕೂ ಹೆಚ್ಚು ಉಳಿಸಬಲ್ಲ ಕ್ರಮ ದೇಶಕ್ಕೆ ಇಷ್ಟೇ ಏಕೆ ಉಳಿಸಿತು ಎಂಬುದು ಸರಳ ಗಣಿತ. ದೇಶದ ಇಂಧನದಲ್ಲಿ ಮೂರನೆಯ ಒಂದು ಪಾಲು ವೇಗದ ಹೆದ್ದಾರಿಯಲ್ಲಿ ಸುಟ್ಟುಹೋಗುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ನಿಜವಾದ ಸರಾಸರಿ ವೇಗ ಐದಾರು ಮೈಲಿ ಇಳಿದು ಶೇ. 6 ಉಳಿದರೆ, ಒಟ್ಟು ಲೆಕ್ಕದಲ್ಲಿ ಅದು ಶೇ. 2. ಜನ ಮತ್ತೆ ಹಳೆಯ ವೇಗಕ್ಕೆ ಮರಳತೊಡಗಿದಂತೆ ಆ ಎರಡೂ ಕರಗುತ್ತದೆ. ಊರೊಳಗಿನ ಸಿಗ್ನಲ್ಲುಗಳಲ್ಲಿ ನಿಂತು ಹೊರಡುವ ಗಾಡಿಗೆ ಹೆದ್ದಾರಿಯ ಫಲಕದಿಂದ ಏನೂ ಆಗಬೇಕಾದ್ದಿಲ್ಲ.

ಇದಕ್ಕೆ ಹೋಲಿಸಿದರೆ, ಸದ್ದುಗದ್ದಲವಿಲ್ಲದೆ ಬಂದ ಇನ್ನೊಂದು ಕಾನೂನು ಹೆಚ್ಚು ಕೆಲಸ ಮಾಡಿತು. 1975ರಲ್ಲಿ ಅಮೆರಿಕ ಕಾರು ತಯಾರಕರಿಗೆ ಮೈಲೇಜಿನ ಗುರಿ ನಿಗದಿ ಮಾಡಿ, 1985ರ ಹೊತ್ತಿಗೆ ಹೊಸ ಕಾರುಗಳ ಸರಾಸರಿ ಗ್ಯಾಲನ್ನಿಗೆ 27.5 ಮೈಲಿ ತಲುಪಬೇಕೆಂದಿತು. ಇದು ಎಪ್ಪತ್ತರ ದಶಕದ ನಡುವಿನ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು. ಇಲ್ಲಿ ಕೋಟ್ಯಂತರ ಚಾಲಕರ ಬಲಗಾಲನ್ನು ಕಾಯಬೇಕಾಗಿರಲಿಲ್ಲ, ಕೆಲವು ಕಾರ್ಖಾನೆಗಳನ್ನು ಕಾದರೆ ಸಾಕಿತ್ತು.

55ರ ಮಿತಿಯನ್ನು ಉಳಿಸಿದ್ದು ಅಪಘಾತದ ಅಂಕಿಗಳು. 1973ರಲ್ಲಿ ಅಮೆರಿಕದ ರಸ್ತೆಗಳಲ್ಲಿ 54,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು. 1974ರಲ್ಲಿ ಈ ಸಂಖ್ಯೆ ಸುಮಾರು 45,000ಕ್ಕೆ ಇಳಿಯಿತು. ಪೆಟ್ರೋಲ್ ಸಿಗದೆ ಜನ ಓಡಾಟ ಕಡಿಮೆ ಮಾಡಿದ್ದೂ ಇದಕ್ಕೆ ಕಾರಣ. ಅದನ್ನು ಬೇರ್ಪಡಿಸಿ ನೋಡಿದ ಸಾರಿಗೆ ಸಂಶೋಧನಾ ಮಂಡಳಿಯ 1984ರ ವರದಿ, ವೇಗಮಿತಿಯೊಂದರಿಂದಲೇ ವರ್ಷಕ್ಕೆ 2,000ದಿಂದ 4,000 ಜೀವ ಉಳಿಯುತ್ತಿವೆ ಎಂದಿತು. ಆದರೂ ತೈಲ ಅಗ್ಗವಾದಂತೆ ರಾಜಕೀಯ ಬೆಂಬಲ ಸೋರಿಹೋಯಿತು. 1987ರಲ್ಲಿ ಊರಾಚೆಯ ಅಂತರರಾಜ್ಯ ಹೆದ್ದಾರಿಗಳಿಗೆ 65ರ ಅವಕಾಶ ಸಿಕ್ಕಿತು. 1995ರ ನವೆಂಬರ್ 28ರಂದು ಬಿಲ್ ಕ್ಲಿಂಟನ್ ಸಹಿ ಹಾಕಿದ ಮಸೂದೆ ರಾಷ್ಟ್ರೀಯ ಮಿತಿಯನ್ನೇ ತೆಗೆದುಹಾಕಿತು. ಇಂದು ಟೆಕ್ಸಾಸಿನ 130ನೇ ರಾಜ್ಯ ಹೆದ್ದಾರಿಯ ಒಂದು ಭಾಗದಲ್ಲಿ ಮಿತಿ 85 ಮೈಲಿ.

ಯುರೋಪಿನಲ್ಲಿಯೂ 1973ರ ಬಿಕ್ಕಟ್ಟು ಇಂಥದೇ ಕ್ರಮಗಳನ್ನು ತಂದಿತು. ಮಿತಿಯೇ ಇಲ್ಲದ ಆಟೋಬಾನ್ ರಸ್ತೆಗಳಿಗೆ ಪಶ್ಚಿಮ ಜರ್ಮನಿ ಆ ನವೆಂಬರಿನಲ್ಲಿ 100 ಕಿ.ಮೀ. ಮಿತಿ ಹಾಕಿತು, 1974ರ ಮಾರ್ಚಿನಲ್ಲಿ ತೆಗೆಯಿತು. ಅಲ್ಲಿನ ಮೋಟಾರು ಸಂಘ ಎತ್ತಿದ ‘ಸ್ವತಂತ್ರ ನಾಗರಿಕರಿಗೆ ಮುಕ್ತ ದಾರಿ’ ಎಂಬ ಘೋಷಣೆ ಇವತ್ತಿಗೂ ಆ ದೇಶದ ರಾಜಕಾರಣಿಗಳನ್ನು ಹೆದರಿಸುತ್ತದೆ. 2011ರಲ್ಲಿ ಲಿಬಿಯದ ದಂಗೆಯಿಂದ ತೈಲ ತುಟ್ಟಿಯಾದಾಗ ಸ್ಪೇನ್ ಮಾರ್ಚ್ 7ರಿಂದ ಮಿತಿಯನ್ನು 120ರಿಂದ 110 ಕಿ.ಮೀ.ಗೆ ಇಳಿಸಿತು. ಹೊಸ ಫಲಕ ನೆಡದೆ, ಹಳೆಯ 120ರ ಮೇಲೆ 110ರ ಸ್ಟಿಕ್ಕರ್ ಅಂಟಿಸಿ ಕೆಲಸ ಮುಗಿಸಿದರು. ಜೂನ್ ಕೊನೆಗೆ ಅದನ್ನೂ ಕಿತ್ತರು. 2022ರಲ್ಲಿ ಉಕ್ರೇನ್ ಯುದ್ಧದ ಬೆನ್ನಿಗೇ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಪ್ರಕಟಿಸಿದ ಹತ್ತು ಅಂಶಗಳ ಪಟ್ಟಿಯಲ್ಲಿ, ಹೆದ್ದಾರಿ ವೇಗವನ್ನು 10 ಕಿ.ಮೀ. ಇಳಿಸುವುದೇ ಮೊದಲ ಸಲಹೆ. ಮುಂದುವರಿದ ದೇಶಗಳೆಲ್ಲ ಹಾಗೆ ಮಾಡಿದರೆ ಕಾರುಗಳಿಂದ ದಿನಕ್ಕೆ 2.9 ಲಕ್ಷ ಪೀಪಾಯಿ, ಲಾರಿಗಳಿಂದ ಇನ್ನೂ 1.4 ಲಕ್ಷ ಪೀಪಾಯಿ ಉಳಿಯುತ್ತದೆಂಬುದು ಅದರ ಅಂದಾಜು.

ಭಾರತದಲ್ಲಿ ಇಂಧನಕ್ಕಾಗಿಯೇ ವೇಗ ತಗ್ಗಿಸುವ ಕೆಲಸ ಉಪದೇಶದ ಮಟ್ಟದಲ್ಲೇ ಉಳಿದಿದೆ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45–55 ಕಿ.ಮೀ. ವೇಗದಲ್ಲಿ ಓಡಿಸಿರೆಂದು ದಶಕಗಳಿಂದ ಪ್ರಚಾರ ಮಾಡುತ್ತ ಬಂದಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಪೊಲೀಸರು 100 ಕಿ.ಮೀ. ಮಿತಿಯನ್ನು ಕ್ಯಾಮೆರಾ ಇಟ್ಟು ಬಿಗಿಗೊಳಿಸಿದ್ದು ಸಾವುಗಳನ್ನು ತಡೆಯಲು. ಮೈಲೇಜಿನ ಮಾತು ಅಲ್ಲಿ ಬರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯವಂತೂ 2018ರ ಅಧಿಸೂಚನೆಯಲ್ಲಿ ಕಾರುಗಳ ಮಿತಿಯನ್ನು ಎಕ್ಸ್‌ಪ್ರೆಸ್‌ವೇಗಳಲ್ಲಿ 120 ಕಿ.ಮೀ.ಗೆ ಏರಿಸಿತು.