ಮುಂಬಯಿಯ ಇನ್‌ಫ್ಲುಯೆಂಜಾ ಮರಣಾಂಕಗಳು (1918): ಒಂದು ವಿವೇಚನೆ

1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಮುಂಬಯಿ ನಗರದ ಮರಣಪ್ರಮಾಣವನ್ನು ಸಮುದಾಯವಾರು ದಾಖಲಿಸಲಾಯಿತು. ಸಾವಿರಕ್ಕೆ ಮಡಿದವರು ಯುರೋಪಿಯನ್ನರಲ್ಲಿ 8.3, ಪಾರಸಿಗಳಲ್ಲಿ 9.0, ಮುಸ್ಲಿಮರಲ್ಲಿ 19.2, ‘ಕೆಳಜಾತಿ ಹಿಂದೂ’ಗಳೆಂದು ವರ್ಗೀಕೃತರಾದವರಲ್ಲಿ 61.6, ಉಳಿದ ಹಿಂದೂಗಳಲ್ಲಿ 18.9. ಈ ಅಂತರವನ್ನು ಜಾತಿಗೆ ಸಹಜವಾದ ದೇಹದೌರ್ಬಲ್ಯವೆಂದು ಅರ್ಥೈಸುವುದು ಯುಕ್ತವಲ್ಲ. ಚಾಳುಗಳ ಇಕ್ಕಟ್ಟು, ಆ ವರ್ಷ ಮಳೆ ಕೈಕೊಟ್ಟುದರಿಂದ ಏರಿದ ಧಾನ್ಯದ ಬೆಲೆ, ಆರೈಕೆಯ ಅಭಾವ ಇವೆಲ್ಲವೂ ಜಾತಿಯೆಂಬ ಒಂದೇ ಅಂಕಣದಲ್ಲಿ ಅಡಗಿವೆ.

ಭಾಜಕವಾದ ಜನಸಂಖ್ಯೆಯೂ ಪರಿಶೀಲನಾರ್ಹ. ಪಿಡುಗಿಗೆ ಹಿಂದಿನ ಜನಗಣತಿ ನಡೆದುದು 1911ರಲ್ಲಿ. ಅನಂತರ ವಲಸೆ ಬಂದ ಕೂಲಿಕಾರರು ಮೃತರ ಎಣಿಕೆಗೆ ಸೇರಿ, ನಿವಾಸಿಗಳ ಎಣಿಕೆಯಿಂದ ಹೊರಗುಳಿದಿದ್ದರೆ ಪ್ರಮಾಣವು ಹಿಗ್ಗಿ ಕಾಣುತ್ತದೆ. ಆದರೂ ಏಳು ಪಟ್ಟಿಗೂ ಮೀರಿದ ಅಂತರವನ್ನು ಎಣಿಕೆಯ ದೋಷವೊಂದರಿಂದಲೇ ವಿವರಿಸಲಾಗದು. ಆದುದರಿಂದ ಈ ಅಂಕಿಗಳು ಜಾತಿಯ ಲಕ್ಷಣವನ್ನಲ್ಲ, ಜಾತಿಯ ಹೆಸರಿನಲ್ಲಿ ಹಂಚಿಕೆಯಾದ ಬದುಕಿನ ಅಸಮಾನತೆಯನ್ನು ಸೂಚಿಸುತ್ತವೆ.