ಅವಕಾಶವಾದಿ ಸೋಂಕುಗಳು (ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗ)

ವೈರಾಣುವಿನಿಂದಲೋ ಬೇರೆ ಕಾರಣದಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಸಮಯ ಸಾಧಿಸಿ ತಲೆಯೆತ್ತುವ ಬೇರೆ ರೋಗಾಣುಗಳ ಕಾಯಿಲೆಗಳು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯಲ್ಲಿ ಇವುಗಳ ಚರಿತ್ರೆಯೆಂದರೆ ಬಹುಪಾಲು ಎಚ್‌ಐವಿ ಮತ್ತು ಕ್ಷಯ ಜೊತೆಗೂಡಿದ ಚರಿತ್ರೆಯೇ.

ವೈರಾಣುವಿನ ಬೆನ್ನಿಗೆ ಇನ್ನೊಂದು ರೋಗ ಬರುವುದು ಹೊಸದೇನಲ್ಲ. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದ 1918ರಲ್ಲಿ, ಮಳೆ ಕೈಕೊಟ್ಟ ವರ್ಷವೇ, ಮುಂಬಯಿ ಬಂದರಿನಿಂದ ಒಳನಾಡಿಗೆ ಇನ್‌ಫ್ಲುಯೆಂಜಾ ಹಬ್ಬಿತು. ಆ ಪಿಡುಗಿನ ಶವಪರೀಕ್ಷೆಗಳಲ್ಲಿ ಉಳಿಸಿಟ್ಟಿದ್ದ ಶ್ವಾಸಕೋಶದ ತುಣುಕುಗಳನ್ನು ಅಮೆರಿಕದ ಸಂಶೋಧಕರು ಮತ್ತೆ ಪರೀಕ್ಷಿಸಿ, ಹೆಚ್ಚಿನ ಸಾವುಗಳಲ್ಲಿ ಬ್ಯಾಕ್ಟೀರಿಯದ ನ್ಯುಮೋನಿಯದ ಪಾತ್ರವಿತ್ತೆಂದು 2008ರಲ್ಲಿ ತಿಳಿಸಿದರು. ಅದನ್ನು ಗುಣಪಡಿಸಬಲ್ಲ ಪೆನಿಸಿಲಿನ್ ಬರಲು ಆಗಿನ್ನೂ ದಶಕಗಳಿದ್ದವು.

ಭಾರತದಲ್ಲಿ ಎಚ್‌ಐವಿ ಮೊದಲು ಗೊತ್ತಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮುಂದೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಗರ್ಭಿಣಿಯರ ತಪಾಸಣೆಯಲ್ಲೇ ಸೋಂಕು ಶೇ. 1 ದಾಟಿತು. ನಿರೋಧಕ ಶಕ್ತಿಯ ಅಳತೆಗೋಲಾದ ರಕ್ತದ ಸಿಡಿ4 ಕಣಗಳು ಘನ ಮಿಲಿಮೀಟರಿಗೆ 200ಕ್ಕಿಂತ ಕೆಳಗಿಳಿದರೆ ಬಾಯಲ್ಲಿ ಬಿಳಿ ಅಗ್ರ, ನ್ಯುಮೊಸಿಸ್ಟಿಸ್ ನ್ಯುಮೋನಿಯ, ಮಿದುಳಿನ ಸೋಂಕು ಕಾಣಿಸಿಕೊಳ್ಳುತ್ತವೆ. ಕ್ಷಯ ಮಾತ್ರ ಅಷ್ಟು ಹೊತ್ತು ಕಾಯುವುದಿಲ್ಲ. ಕಣಗಳು ಸಾಕಷ್ಟಿದ್ದಾಗಲೂ ಬರುತ್ತದೆ. ಮೇಲಾಗಿ ನಿರೋಧಕ ಶಕ್ತಿ ಸೋತ ಮೈಯಲ್ಲಿ ಶ್ವಾಸಕೋಶ ಕೊರೆದು ಗೂಡಾಗುವುದು ಕಡಿಮೆ, ಕಫದಲ್ಲಿ ಬೀಳುವ ರೋಗಾಣುವೂ ಕಡಿಮೆ. ಹೀಗಾಗಿ ತಾಲ್ಲೂಕು ದವಾಖಾನೆಯ ಸೂಕ್ಷ್ಮದರ್ಶಕ ‘ಟಿ.ಬಿ. ಇಲ್ಲ’ ಎಂದರೂ ರೋಗಿ ಸೊರಗುತ್ತಲೇ ಹೋಗಬಹುದಿತ್ತು. ಈ ಕುರುಡುತನ ಬಹುಮಟ್ಟಿಗೆ ನೀಗಿದ್ದು ರೋಗಾಣುವಿನ ಜೀನನ್ನೇ ಹುಡುಕುವ ಸಿಬಿನ್ಯಾಟ್ ಯಂತ್ರದಿಂದ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆಯಿತ್ತದ್ದು 2010ರಲ್ಲಿ.

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಸರಕಾರ 2004ರ ಏಪ್ರಿಲ್‌ನಲ್ಲಿ ಆರಂಭಿಸಿತು. ಜಿಲ್ಲೆಯಲ್ಲಿ ಅದರ ಮುಖ್ಯ ನೆಲೆಗಳಲ್ಲೊಂದು ಆಗ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮಾತ್ರೆ ಸಿಕ್ಕಿತೆಂದು ತೊಡಕು ತೀರಲಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಎಚ್‌ಐವಿಯ ನೆವಿರಪಿನ್ ರಕ್ತದಲ್ಲಿ ನಿಲ್ಲದಂತೆ ಮಾಡುತ್ತಿತ್ತು. ಅದಕ್ಕಾಗಿ ಇಫಾವಿರೆಂಜ್‌ಗೆ ಬದಲಿಸಬೇಕಾಗುತ್ತಿತ್ತು. ಈಗಿನ ಡೊಲುಟೆಗ್ರಾವಿರ್ ಕೂಡ ಕ್ಷಯ ಜೊತೆಗಿದ್ದರೆ ದಿನಕ್ಕೆ ಎರಡು ಸಲ ಬೇಕು. ಅವಕಾಶವಾದಿ ಸೋಂಕುಗಳು ಬಾರದಂತೆ ಕೊಡುವ ಅಗ್ಗದ ಕೋಟ್ರಿಮಾಕ್ಸಜೋಲ್ ಗುಳಿಗೆ ಎಷ್ಟೋ ಸಾವುಗಳನ್ನು ತಡೆದರೂ ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

2021ರ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಸ್ಟೀರಾಯ್ಡ್ ಮತ್ತು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಅದಕ್ಕೆ ದಾರಿ ಮಾಡಿಕೊಟ್ಟವು. ಮೇ ತಿಂಗಳಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಕ್ಷಯದ ಮಾತ್ರೆಯನ್ನು ಹಳ್ಳಿಯಲ್ಲೇ ನುಂಗಬಹುದು, ಈ ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್-ಬಿ ಹಾಗಲ್ಲ. ಮೂತ್ರಪಿಂಡದ ಮೇಲೆ ಕಣ್ಣಿಟ್ಟು ರಕ್ತನಾಳದ ಮೂಲಕ ಕೊಡಬೇಕು, ಕೊಳೆತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಅದಕ್ಕೆ ಈ ತಾಲ್ಲೂಕುಗಳ ರೋಗಿಗಳಿಗೆ ಹುಬ್ಬಳ್ಳಿಯೇ ಗತಿಯಾಯಿತು.