ಮಧುಮೇಹಿಗಳ ಮೂತ್ರಪಿಂಡ ವೈಫಲ್ಯ: ಆನುವಂಶಿಕ ಕಾರಣಗಳ ಶೋಧದ ಚರಿತ್ರೆ

ಮಧುಮೇಹಿಗಳ ಮೂತ್ರಪಿಂಡದಲ್ಲಿ ರಕ್ತ ಸೋಸುವ ಗ್ಲಾಮೆರುಲಸ್‌ಗಳು ಗಂಟುಗಟ್ಟುವುದನ್ನು ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ 1936ರಲ್ಲಿ ವರ್ಣಿಸಿದರು. ಏರಿದ ಸಕ್ಕರೆಯೇ ಇದಕ್ಕೆ ಕಾರಣವಾದರೆ, ಕಾಯಿಲೆ ಹಳತಾದಂತೆ ಎಲ್ಲರ ಮೂತ್ರಪಿಂಡವೂ ಕೆಡಬೇಕು. ಹಾಗಾಗುವುದಿಲ್ಲ. ಡೆನ್ಮಾರ್ಕಿನಲ್ಲಿ ಟೈಪ್ 1 ಮಧುಮೇಹಿಗಳನ್ನು ದಶಕಗಳ ಕಾಲ ಗಮನಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು ಹತ್ತರಲ್ಲಿ ನಾಲ್ವರಿಗೆ ಈ ತೊಂದರೆ ಬಂದಿತ್ತು. ಮಧುಮೇಹ ಶುರುವಾಗಿ ಹದಿನಾರು ವರ್ಷಗಳಾಗುವ ಹೊತ್ತಿಗೆ ಗರಿಷ್ಠ ಮಟ್ಟಕ್ಕೇರಿದ ಅಪಾಯ ಆಮೇಲೆ ಇಳಿಯುತ್ತ ಹೋಗಿತ್ತು. ಉಳಿದವರನ್ನು ಕಾಪಾಡಿದ್ದು ಯಾವುದು ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು.

ಮೊದಲ ಸುಳಿವು ಕುಟುಂಬಗಳಿಂದ ಬಂತು. 1989ರಲ್ಲಿ ಅಮೆರಿಕದ ಮಿನೆಸೋಟದ ಸಂಶೋಧಕರು ಮಧುಮೇಹವಿರುವ ಒಡಹುಟ್ಟಿದವರನ್ನು ಪರೀಕ್ಷಿಸಿದರು. ಒಬ್ಬರ ಮೂತ್ರಪಿಂಡ ಕೆಟ್ಟಿದ್ದರೆ ಅವರ ಮಧುಮೇಹಿ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಶೇ. 83 ಮಂದಿಗೆ ಅದೇ ತೊಂದರೆಯಿತ್ತು, ಕೆಟ್ಟಿಲ್ಲದಿದ್ದರೆ ಶೇ. 17 ಮಂದಿಗೆ ಮಾತ್ರ. ಅಧ್ಯಯನ ಚಿಕ್ಕದು, ಆದರೆ ಅಂತರ ಕಡೆಗಣಿಸುವಂಥದ್ದಲ್ಲ. ಮರುವರ್ಷ ಅರಿಜೋನದ ಪೀಮಾ ಜನಾಂಗದಲ್ಲೂ ತಂದೆತಾಯಿಯಿಂದ ಮಕ್ಕಳಿಗೆ ಅಪಾಯ ಹರಿಯುವುದು ಕಂಡಿತು. ನಮ್ಮ ನೆರೆಯ ಚೆನ್ನೈನಿಂದ 1999ರಲ್ಲಿ ಬಂದ ವರದಿ, ದಕ್ಷಿಣ ಭಾರತದ ಟೈಪ್ 2 ಮಧುಮೇಹಿ ಕುಟುಂಬಗಳಲ್ಲೂ ಹೀಗೇ ಇದೆಯೆಂದು ತೋರಿಸಿತು. ಒಂದೇ ಮನೆಯವರ ಊಟ, ಉಪ್ಪು, ರಕ್ತದೊತ್ತಡಗಳೂ ಹೋಲುತ್ತವೆ. ಆದ್ದರಿಂದ ಕುಟುಂಬದಲ್ಲಿ ಕಂಡದ್ದನ್ನೆಲ್ಲ ಜೀನ್‌ಗಳ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

1990ರ ದಶಕದಲ್ಲಿ ಸಂಶೋಧಕರು ತಾವು ಅನುಮಾನಿಸಿದ ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ರಕ್ತದೊತ್ತಡವನ್ನು ನಿಯಂತ್ರಿಸುವ ಎಸಿಇ ಜೀನ್ ಹೆಚ್ಚು ಚರ್ಚೆಗೆ ಬಂತು. 2005ರಲ್ಲಿ ಸಿಎನ್‌ಡಿಪಿ1, ಇಎಲ್‌ಎಂಒ1 ಎಂಬ ಹೆಸರುಗಳು ಸೇರಿದವು. ಒಂದು ಜನಸಮುದಾಯದಲ್ಲಿ ಕಂಡ ಸಂಬಂಧ ಇನ್ನೊಂದರಲ್ಲಿ ಅನೇಕ ಸಲ ಕಾಣಲಿಲ್ಲ. ಕೆಲವೇ ನೂರು ರೋಗಿಗಳನ್ನು ಇಟ್ಟುಕೊಂಡು ಸಣ್ಣ ಪರಿಣಾಮಗಳನ್ನು ಹುಡುಕಿದ್ದು ಆ ಕಾಲದ ದೊಡ್ಡ ದೌರ್ಬಲ್ಯ.

ಇಡೀ ಜೀನೋಮನ್ನೇ ಶೋಧಿಸುವ ವಿಧಾನ ಬಂದಾಗ ಹಲವು ದೇಶಗಳು ಕೈಜೋಡಿಸಿದವು. 1997ರಲ್ಲಿ ಆರಂಭವಾದ ಫಿನ್‌ಲ್ಯಾಂಡಿನ ಫಿನ್‌ಡಯಾನ್ ಅಧ್ಯಯನ ಇದರಲ್ಲಿ ಮುಂಚೂಣಿಯಲ್ಲಿತ್ತು. ಯುರೋಪ್ ಮೂಲದ 19,406 ಟೈಪ್ 1 ಮಧುಮೇಹಿಗಳನ್ನು ಒಳಗೊಂಡ 2019ರ ಅಧ್ಯಯನ 16 ಸ್ಥಾನಗಳನ್ನು ಗುರುತಿಸಿತು. ಅವುಗಳಲ್ಲಿ ಸಿಒಎಲ್‌4ಎ3 ಜೀನಿನದು ಅತ್ಯಂತ ಅರ್ಥಪೂರ್ಣ ಫಲಿತಾಂಶ. ಸೋಸುವ ಪೊರೆಯ ಕೊಲಾಜನ್ ತಯಾರಾಗುವುದು ಈ ಜೀನಿನ ಸೂಚನೆಯಂತೆ. ಈ ಜೀನ್ ತೀವ್ರವಾಗಿ ಕೆಟ್ಟರೆ ಆಲ್ಪೋರ್ಟ್ ಎಂಬ ಆನುವಂಶಿಕ ಮೂತ್ರಪಿಂಡ ಕಾಯಿಲೆ ಬರುತ್ತದೆ. ಆದರೆ ಇಲ್ಲಿ ಸಿಕ್ಕ ರೂಪಾಂತರ ಮೂತ್ರಪಿಂಡವನ್ನು ಕಾಯುವಂಥದ್ದು. ಅದನ್ನು ಹೊತ್ತವರ ಪೊರೆ ತೆಳುವಾಗಿತ್ತು. ಮಧುಮೇಹದಲ್ಲಿ ಈ ಪೊರೆ ದಪ್ಪಗಾಗುತ್ತದೆ. ಸಕ್ಕರೆ ಹೆಚ್ಚಿದ್ದವರಲ್ಲೇ ಆ ರಕ್ಷಣೆ ಎದ್ದು ಕಂಡಿತು. ಜೀನ್ ಮತ್ತು ಸಕ್ಕರೆಯನ್ನು ಬೇರೆಬೇರೆ ಕಾರಣಗಳೆಂದು ಎಣಿಸುವ ರೂಢಿಯನ್ನು ಈ ಸಂಗತಿ ಅಲುಗಿಸುತ್ತದೆ.

2010ರಲ್ಲಿ ಪತ್ತೆಯಾದ ಎಪಿಒಎಲ್1 ರೂಪಾಂತರಗಳ ಕಥೆ ಬೇರೆ. ಆಫ್ರಿಕಾ ಮೂಲದವರಲ್ಲಿ ಕಾಣುವ ಇವು ಮುಖ್ಯವಾಗಿ ಮಧುಮೇಹೇತರ ಮೂತ್ರಪಿಂಡ ಕಾಯಿಲೆಗೆ ಸಂಬಂಧಿಸಿವೆ. ಆದರೂ ಈಗಾಗಲೇ ಮೂತ್ರಪಿಂಡ ಕೆಟ್ಟ ಮಧುಮೇಹಿಗಳಲ್ಲಿ ಅವು ವೈಫಲ್ಯವನ್ನು ಬೇಗ ತರಬಲ್ಲವೆಂದು 2013ರ ಅಮೆರಿಕದ ಅಧ್ಯಯನ ತೋರಿಸಿತು.

ಸಾಮಾನ್ಯ ಮಧುಮೇಹಿಯ ಅಪಾಯವನ್ನು ಅಳೆಯಲು ಜೀನ್ ಪರೀಕ್ಷೆ ಇನ್ನೂ ವಾಡಿಕೆಗೆ ಬಂದಿಲ್ಲ. ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳನ್ನೇ ವೈದ್ಯರು ನೆಚ್ಚುತ್ತಾರೆ. ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್ ಆಗಿದೆಯೇ ಎಂದೂ ವಿಚಾರಿಸುತ್ತಾರೆ.